ಹರಗೋಲಿನಲ್ಲಿ ಸಮುದ್ರದ ಅಭ್ಯಾಸ

ನಾವು ಸಮುದ್ರ ದಾಟಿ ಮಲಯ ದೇಶಕ್ಕೆ ಹೋಗುತ್ತೇವೆ ಎಂಬ ಸುದ್ದಿ ನನಗೆ ತಿಳಿದದ್ದು ಒಂದು ಭಾನುವಾರ, ಶ್ರೀರಂಗಪಟ್ಟಣದ ನಮ್ಮ ಪುಟ್ಟ ದೇವಾಲಯದಲ್ಲಿ, ಸಭೆಯವರಿಗೆಲ್ಲ ತಿಳಿದ ಹೊತ್ತಿನಲ್ಲೇ. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ ಚಾಪೆಯ ಮೇಲೆ ಕೂತಿದ್ದೆವು. ಪಾದ್ರಿಗಳು ಎದ್ದು ನಿಂತು, ನಮ್ಮ ಸೀಮೆಯಿಂದ ರಬ್ಬರ್ ತೋಟದ ಕೂಲಿಗೆ ಹೋದವರ ನಡುವೆ ಸುವಾರ್ತೆಯ ಕೆಲಸ ಮಾಡಲು ಒಂದು ದಂಪತಿಯನ್ನು ಕಳಿಸಬೇಕೆಂದಿದೆ, ನಮ್ಮ ಉಪದೇಶಿಗಳೂ ಅವರ ಪತ್ನಿಯೂ ಸಂತೋಷದಿಂದ ಮುಂದೆ ಬಂದಿದ್ದಾರೆ ಎಂದರು. ಉಪದೇಶಿಗಳೆಂದರೆ ನನ್ನ ಯಜಮಾನರು. ಸಂತೋಷದಿಂದ ಮುಂದೆ ಬಂದಿದ್ದ ಪತ್ನಿ ಆಗ ಒಲೆಯ ಮೇಲಿಟ್ಟು ಬಂದ ಹುರುಳಿಯ ಚಿಂತೆಯಲ್ಲಿದ್ದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಗಬೇಕಾಗಿತ್ತು, ನಕ್ಕೆ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ನಗಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದೆ.

"ಕರ್ತನ ಕೆಲಸಕ್ಕೆ ನೀನು ಬೇಡ ಅಂತೀಯಾ? ಅನ್ನಲ್ಲ, ನಂಗೊತ್ತು" ಎಂದು ಅವರು ಸಮಾಧಾನವಾಗಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

ತಯಾರಿಗೆ ಒಂದು ವರ್ಷ ಕೊಟ್ಟಿದ್ದರು. ವರ್ಷ ತುಂಬಿದ ಮೇಲೆ ಮೈಸೂರಿನಿಂದ ಮಿಷನ್ನಿನ ದೊರೆಸಾನಿ ಮಿಸ್ಸಮ್ಮನವರು ಬಂದು ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾರೆ. ಇಬ್ಬರಿಗೂ ಹೋಗುವ ಮನಸ್ಸು ದೇವರು ಕೊಟ್ಟಿದ್ದಾನೆ ಎಂದು ಅವರಿಗೆ ಅನ್ನಿಸಿದರೆ ಮಾತ್ರ ಹಡಗು. ಒಬ್ಬರದೇ ಮನಸ್ಸಾದರೆ ಇಬ್ಬರೂ ಊರಲ್ಲೇ.

ನನ್ನವರು ಮರುದಿನವೇ ತಯಾರಿಗೆ ಇಳಿದರು. ಪರದೇಶದಲ್ಲಿ ಕಷ್ಟ ಇರುತ್ತದೆ, ಆದ್ದರಿಂದ ಸುಖಗಳನ್ನು ಒಂದೊಂದಾಗಿ ಬಿಡಬೇಕು ಎಂಬುದು ಅವರ ಲೆಕ್ಕ. ಮೊದಲು ಕಾಫಿ ಬಿಟ್ಟರು. ಬಿಟ್ಟದ್ದಕ್ಕೆ ತಲೆನೋವು ಬಂತು, ತಲೆನೋವಿಗೆ ನಾನು ಶುಂಠಿ ಕಷಾಯ ಮಾಡಿದೆ. ಆಮೇಲೆ ಎರಡನೆಯ ಜೊತೆ ಬಟ್ಟೆಯನ್ನು ಯಾರಿಗೋ ದಾನ ಮಾಡಿ ಬಂದರು. ಉಳಿದ ಒಂದು ಜೊತೆಯನ್ನು ದಿನಾ ಸಂಜೆ ಒಗೆದು ಒಣಗಿಸುವ ಭಾಗ್ಯ ನನ್ನದಾಯಿತು. ಕೋಳಿ ಕೂಗುವ ಹೊತ್ತಿಗೆ ಎದ್ದು ಪ್ರಾರ್ಥನೆ ಮಾಡುವ ಪಣ ತೊಟ್ಟರು. ಅವರು ಎದ್ದಾಗ ದೀಪ ಹಚ್ಚಿರಬೇಕು, ನೀರು ಕಾದಿರಬೇಕು. ಶುಕ್ರವಾರ ಉಪವಾಸ. ಸೂರ್ಯ ಮುಳುಗಿದ ಮೇಲೆ ಮಾತ್ರ ಎರಡು ದಿನದ ಊಟ ಒಂದೇ ಸಲ.

ಕೊನೆಗೆ ಬಿಸಿ ಅನ್ನವನ್ನೂ ಬಿಟ್ಟರು. ಹಡಗಿನಲ್ಲಿ ತಣ್ಣಗಿನದೇ ಸಿಗುವುದಂತೆ. ಒಲೆಯಿಂದ ಇಳಿಸಿದ ಅನ್ನವನ್ನು ಮೊರದಗಲ ಹರಡಿ, ಬೀಸಣಿಗೆಯಿಂದ ಆರಿಸಿ, ಮೇಲೆ ತಣ್ಣನೆಯ ಸಾರು ಹಾಕಿ ಬಡಿಸಬೇಕಾಯಿತು. ಸುಖ ಬಿಡುವುದರಲ್ಲಿ ಇಷ್ಟೊಂದು ಕೆಲಸ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಎಲ್ಲರೂ ಉಪದೇಶಿಗಳು ಆತ್ಮದಲ್ಲಿ ಎಷ್ಟು ಬೆಳೆದರು ಎಂದು ಹೊಗಳುತ್ತಿದ್ದರು. ಬೆಳೆದಿದ್ದರು ನಿಜ. ನನ್ನ ಕೈ ಮಾತ್ರ ಸವೆದಿತ್ತು.

ನಾನೂ ಪ್ರಾರ್ಥನೆ ಮಾಡುತ್ತಿದ್ದೆ. "ಕರ್ತನೇ, ನನ್ನನ್ನು ಕಳಿಸುವುದಿದ್ದರೆ ನನಗೇ ನೇರವಾಗಿ ಹೇಳು, ಇವರ ಕೈಲಿ ಹೇಳಿ ಕಳಿಸಬೇಡ" ಎನ್ನುತ್ತಿದ್ದೆ. ನನಗೆ ಹೋಗುವ ಮನಸ್ಸಿರಲಿಲ್ಲ ಎಂದಲ್ಲ. ಮನಸ್ಸಿದೆಯೋ ಇಲ್ಲವೋ ಎಂದು ನೋಡಿಕೊಂಡಿರಲೇ ಇಲ್ಲ. ಯಾರಾದರೂ ಕೇಳಿದ್ದರೆ ತಾನೆ ನೋಡಿಕೊಳ್ಳುವುದು? ಮಿಸ್ಸಮ್ಮನ ಮುಂದೆ ಸುಳ್ಳು ಹೇಳಲಾರೆ, ನಿಜ ಹೇಳಿದರೆ ಇವರ ಆಸೆ ಮುಳುಗುತ್ತದೆ ಎಂಬ ಸಂಕಟ ಮಾತ್ರ ದಿನದಿನಕ್ಕೆ ದೊಡ್ಡದಾಗುತ್ತಿತ್ತು.

ಎಲ್ಲ ಬಿಟ್ಟಾದ ಮೇಲೆ ಇವರಿಗೆ ಹೊಸ ಭಯ ಹಿಡಿಯಿತು. ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುತ್ತದೆ ಎಂದು ಯಾರೋ ಹೇಳಿದ್ದರು. ಅದಕ್ಕೂ ಅಭ್ಯಾಸ ಬೇಕಲ್ಲ! ಒಂದು ಬೆಳಿಗ್ಗೆ ನನ್ನನ್ನೂ ಹೊರಡಿಸಿಕೊಂಡು ಕಾವೇರಿಯ ದಡಕ್ಕೆ ಹೋದರು. ಅಲ್ಲೊಬ್ಬ ಅಂಬಿಗ ಹರಗೋಲು ಹಾಕುತ್ತಿದ್ದ. ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ದೋಣಿ ಅದು, ಹುಟ್ಟು ಹಾಕುವವನು ಮನಸ್ಸು ಮಾಡಿದರೆ ಬುಗುರಿಯಂತೆ ತಿರುಗುತ್ತದೆ.

"ದಾಟಿಸೋದು ಬೇಡಪ್ಪ, ನಡುನೀರಲ್ಲಿ ನಿಲ್ಲಿಸಿ ಚೆನ್ನಾಗಿ ತಿರುಗಿಸು" ಎಂದರು ಇವರು.

ಅಂಬಿಗ ನನ್ನ ಮುಖ ನೋಡಿದ. ನಾನು ನದಿಯನ್ನು ನೋಡಿದೆ.

"ಯಾಕ್ ಅಯ್ನೋರೆ, ಏನಾರ ಅರಕೆ ಒತ್ಕಂಡಿದ್ದೀರಾ?"

"ಸಮುದ್ರಕ್ಕೆ ಹೋಗಬೇಕು, ಅದಕ್ಕೆ ಅಭ್ಯಾಸ."

"ಅಂಗಾರೆ ಗಟ್ಟಿಯಾಗಿ ಕುಂತ್ಕಳಿ" ಎಂದು ಅವನು ಶುರು ಮಾಡಿದ. ಇವರು ಕಣ್ಣು ಮುಚ್ಚಿ, ಧೈರ್ಯಕ್ಕೆ ಒಂದು ಕೀರ್ತನೆ ಎತ್ತಿದರು. ಪಲ್ಲವಿ ಜೋರಾಗಿಯೇ ಬಂತು. ಮೊದಲ ಚರಣದಲ್ಲಿ ದನಿ ನಡುಗಿತು. ಎರಡನೆಯ ಚರಣ ಬರಲಿಲ್ಲ, ಹಿಂದಿನ ರಾತ್ರಿಯ ತಣ್ಣನೆಯ ಅನ್ನ ಬಂತು.

"ಅಯ್ಯೋ ಬುಡಿ ಅಯ್ನೋರೆ! ಒಟ್ಟೇಲಿರೋದ್ನೆಲ್ಲ ಕಾವೇರವ್ವಂಗೇ ಕೊಟ್ಬುಟ್ರೆ ಕಡಲ್ಗೆ ಏನ್ ಮಡಗ್ತೀರಿ?" ಎಂದು ಅಂಬಿಗ ಹುಟ್ಟು ಎತ್ತಿ ಹಿಡಿದ. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾರ್ಗೆ ಏನೂ ಆಗಿಲ್ವಲ್ಲ" ಎಂದ.

ನನಗೆ ಏನೂ ಆಗಿರಲಿಲ್ಲ. ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಕರಿಘಟ್ಟದ ಗುಡ್ಡ, ಹೊಂಗೆ ಮರಗಳು, ಕಲ್ಲಿನ ಮೇಲೆ ಬಟ್ಟೆ ಸೆಣೆಯುವವರು, ಮತ್ತೆ ಕರಿಘಟ್ಟದ ಗುಡ್ಡ, ಎಲ್ಲ ಒಂದರ ಹಿಂದೆ ಒಂದು ಬಂದು ಹೋಗುತ್ತಿದ್ದವು. ಮದುವೆಯಾದ ಮೇಲೆ ಅಷ್ಟು ಹೊತ್ತು ಕೈಯಲ್ಲಿ ಏನೂ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಇನ್ನೊಂದು ಸುತ್ತು ತಿರುಗಿಸಪ್ಪ ಎನ್ನುವಷ್ಟು ಖುಷಿಯಾಗಿತ್ತು.

"ಇವ್ರುನ್ನ ಕಳ್ಸಿ ಅಯ್ನೋರೆ, ನೀವು ಮನೇಲಿದ್ಬುಡಿ" ಎಂದ ಅಂಬಿಗ.

ಮನೆಯ ದಾರಿಯುದ್ದಕ್ಕೂ ಇವರು, ಆತ್ಮ ಸೂಕ್ಷ್ಮವಾಗಿರುವವರಿಗೆ ಹೊಟ್ಟೆಯೂ ಸೂಕ್ಷ್ಮವಾಗಿರುತ್ತದೆ ಎಂದು ನನಗೆ ವಿವರಿಸಿದರು.

ವರ್ಷ ತುಂಬಿತು. ಮಿಸ್ಸಮ್ಮನವರು ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಜಟಕಾದಲ್ಲಿ ನಮ್ಮ ಮನೆಗೆ ಬಂದರು. ಮೊದಲು ಇವರ ಸರದಿ. ನಾನು ಅಡಿಗೆಮನೆಯಲ್ಲಿದ್ದೆ. ನಮ್ಮ ಮನೆಯ ನಡುಗೋಡೆ ಸೂರಿಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಕಿವಿಗೊಡುವ ಪಾಪವನ್ನೂ ಮಾಡಬೇಕಿರಲಿಲ್ಲ, ಎಲ್ಲ ತಾನಾಗಿಯೇ ಕೇಳುತ್ತಿತ್ತು. ಇವರು ಬಿಟ್ಟದ್ದನ್ನೆಲ್ಲ ವರದಿ ಒಪ್ಪಿಸಿದರು. ಕಾಫಿ, ಬಟ್ಟೆ, ನಿದ್ದೆ, ಬಿಸಿ ಅನ್ನ, ಯಾವುದನ್ನೂ ಮರೆಯಲಿಲ್ಲ. ಹರಗೋಲನ್ನು ಮಾತ್ರ ಮರೆತರು.

ಮಿಸ್ಸಮ್ಮನವರು ಆಡುವುದು ಪುಸ್ತಕದ ಕನ್ನಡ. "ಇದೆಲ್ಲವೂ ಒಳ್ಳೆಯದೇ. ಹೋಗುವುದಕ್ಕೆ ನಿಮ್ಮ ಪತ್ನಿಯವರು ಯಾವಾಗ ಒಪ್ಪಿದರು?" ಎಂದು ಕೇಳಿದರು.

ಇವರು ಮತ್ತೆ ಕಾಫಿಯಿಂದ ಶುರು ಮಾಡಿದರು.

"ಅವರನ್ನು ನೀವು ಕೇಳಿರುವಿರಷ್ಟೆ?"

ಇವರು ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಮೊರದಲ್ಲಿ ಅನ್ನ ಹರಡಿ ಬೀಸುತ್ತಿದ್ದೆ. ಅವರ ಕಣ್ಣು ಮೊರದ ಮೇಲೆ, ಬೀಸಣಿಗೆಯ ಮೇಲೆ, ನನ್ನ ಕೈಯ ಮೇಲೆ ಓಡಾಡಿತು. ಇಷ್ಟು ತಿಂಗಳಿಂದ ಉಂಡ ತಣ್ಣನೆಯ ಅನ್ನ ಹೇಗೆ ತಣ್ಣಗಾಗುತ್ತಿತ್ತು ಎಂಬುದನ್ನು ಅವರು ಆ ದಿನವೇ ಕಂಡದ್ದು.

"ನೀನು... ಬರ್ತೀಯಾ?" ಎಂದರು.

ಮದುವೆಯಾದಾಗಿನಿಂದ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಈ ಒಂದಕ್ಕೆ ಗೊತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಬೀಸಣಿಗೆಯನ್ನು ಅವರ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ನಡುಮನೆಗೆ ಹೋದೆ.

"ಅಮ್ಮ, ಅವರಿಗೆ ತಯಾರಾಗೋಕೆ ಒಂದು ವರ್ಷ ಕೊಟ್ರಿ. ನನ್ನನ್ನ ಈಗ ತಾನೆ ಕೇಳಿದಾರೆ. ನಂಗೂ ಒಂದು ವರ್ಷ ಕೊಡಿ" ಎಂದೆ.

ಮಿಸ್ಸಮ್ಮನವರು ನನ್ನನ್ನೇ ನೋಡಿದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಅಷ್ಟರೊಳಗೆ ಬೇರೆ ಯಾರೂ ಸಿಗದಿದ್ದರೆ ಸ್ಥಳ ನಿಮ್ಮದೇ ಎಂದು ಹೇಳಿ ಹೊರಟರು.

ಇವರು ಒಂದು ವಾರ ಮಾತಾಡಲಿಲ್ಲ. ಆದರೆ ಬಿಸಿ ಅನ್ನ ಉಂಡರು.

ನನ್ನ ತಯಾರಿ ಬೇರೆ ಥರದ್ದು. ತೋಟದ ಆಳುಗಳು ಇರುವ ಸಾಲುಮನೆಗಳಲ್ಲಿ, ಆ ಕೂಲಿಸಾಲಿನಲ್ಲಿ, ಹೆಂಗಸರಿಗೆ ಬೇಕಾಗುವುದು ಉಪದೇಶಕ್ಕಿಂತ ಮೊದಲು ಸೂಲಗಿತ್ತಿ ಎಂದು ನನಗೆ ಅನ್ನಿಸಿತ್ತು. ಈಗ ಪಾಂಡವಪುರ ಎನ್ನುವ ಊರನ್ನು ಆಗ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಅಲ್ಲಿದ್ದ ಒಬ್ಬ ದಾದಿಯಮ್ಮನ ಹತ್ತಿರ ಹೆರಿಗೆ ಕೆಲಸ ಕಲಿಯಲು ರೈಲಿನಲ್ಲಿ ಹೋಗಿ ಬರತೊಡಗಿದೆ. ನಾನು ಮನೆಯಲ್ಲಿಲ್ಲದಾಗ ಒಲೆ ಯಾರು ಹಚ್ಚಬೇಕು? ಇವರು ಹಚ್ಚಿದರು. ಮೊದಮೊದಲು ಮುದ್ದೆಯ ಒಳಗೆ ಹಸಿ ಹಿಟ್ಟಿನ ಗಂಟುಗಳಿರುತ್ತಿದ್ದವು. ನಾನು ಮಾತಾಡದೆ ನುಂಗುತ್ತಿದ್ದೆ. ನನ್ನಂಥ ಮುಂಗೋಪಿಗೆ ಅದು ಯಾವ ಉಪವಾಸಕ್ಕೂ ಕಡಿಮೆಯಲ್ಲ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ಇವರು ಮೆಲ್ಲಗೆ ಕೇಳುತ್ತಿದ್ದರು, "ಏನನ್ನಿಸ್ತು?" "ಇನ್ನೂ ನೋಡ್ತಿದ್ದೀನಿ" ಎನ್ನುತ್ತಿದ್ದೆ. ಬರಬರುತ್ತ ಕೇಳುವುದನ್ನೂ ಬಿಟ್ಟರು.

ಒಂದು ದಿನ ದಾದಿಯಮ್ಮನ ಜೊತೆ ಅರಕೆರೆಗೆ ಗಾಡಿಯಲ್ಲಿ ಹೋಗಿದ್ದೆ. ಚೊಚ್ಚಲ ಹೆರಿಗೆ, ಕಷ್ಟದ್ದು. ಆ ಹುಡುಗಿ ನನ್ನ ಮುಂಗೈಯನ್ನು ಹಿಡಿದವಳು ಕೂಸು ಅಳುವವರೆಗೂ ಬಿಡಲಿಲ್ಲ. "ಓಗ್ಬ್ಯಾಡ ಕಣಕ್ಕ, ಇಲ್ಲೇ ಇರು" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ನಾನು ಯಾವ ಜಾತಿ, ಯಾವ ದೇವರು ಎಂದು ಅವಳು ಕೇಳಲಿಲ್ಲ. ವಾಪಸು ಬರುವಾಗ ಗಾಡಿಯಲ್ಲಿ ನನ್ನ ಮುಂಗೈ ನೋಡಿಕೊಂಡೆ, ಅವಳ ಉಗುರಿನ ಗುರುತು ಇತ್ತು. ಸಮುದ್ರದಾಚೆಯ ಕೂಲಿಸಾಲಿನಲ್ಲೂ ಒಬ್ಬಳು ಹೀಗೆ ಹಿಡಿಯಲು ಕೈ ಹುಡುಕುತ್ತಿರಬಹುದು ಎಂದು ಅನ್ನಿಸಿತು. ನನಗೆ ಹೋಗಬೇಕೆಂದು ಅನ್ನಿಸಿತು. ಯಾರೂ ಹೇಳಿ ಕಳಿಸಿರಲಿಲ್ಲ, ನನಗೇ ಅನ್ನಿಸಿತು. ಗಾಡಿಯಲ್ಲೇ ಅತ್ತುಬಿಟ್ಟೆ.

ಮನೆಗೆ ಬಂದಾಗ ಸಂಜೆ. ಇವರು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು, ಎಸರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವುತ್ತಿದ್ದರು. ನನ್ನ ಕಾಲಿಗೆ ಬಿಸಿನೀರು ಮೂಲೆಯಲ್ಲಿ ಇಟ್ಟಿತ್ತು.

"ಬರ್ತೀನಿ ಕಣ್ರೀ" ಎಂದೆ.

"ಎಲ್ಲಿಗೆ?" ಎಂದರು. ಕಣ್ಣು ಮಡಕೆಯ ಮೇಲೆಯೇ ಇತ್ತು. ಗಂಟಾಗದ ಹಾಗೆ ನೋಡಿಕೊಳ್ಳುವ ಭರದಲ್ಲಿ ಅವರು ಮಲಯವನ್ನೇ ಮರೆತಿದ್ದರು.

ಇಂಥವರ ಜೊತೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ನನಗೆ ಧೈರ್ಯ ಬಂದದ್ದು ಆಗಲೇ.