ಹನ್ನೆರಡು ಮಂಚ ಸುತ್ತಿದ ನೀಲಿ

ಆ ಮನೆಯ ನಲ್ಲಿಗೆ ರಜೆಯೇ ಇಲ್ಲ ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಮಹಡಿ ಮೇಲೆ ಎರಡು ಕೋಣೆಯ ಮನೆ. ಸಿಸ್ಟರಕ್ಕ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಳೆಂದರೆ ಪೈಪಿನಲ್ಲಿ ನೀರಿಳಿಯುವ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು. ಅಕ್ಕನ ಅಂಗೈ ಗೆರೆಗಳೆಲ್ಲ ಕೊಚ್ಚಿಹೋಗಿವೆ, ಇನ್ನು ಕೈ ನೋಡಿ ಭವಿಷ್ಯ ಹೇಳುವವನಿಗೆ ಅಲ್ಲಿ ಓದಲು ಅಕ್ಷರವೇ ಇಲ್ಲ ಎಂದು ಕೆಳಮನೆಯ ದರ್ಜಿಯ ಹೆಂಡತಿ ಬೀದಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ನಕ್ಕು, ಇನ್ನೊಂದು ಸಲ ಸೋಪು ಹಚ್ಚುತ್ತಿದ್ದಳು.

ಆಪರೇಷನ್ ಆದವರ ವಾರ್ಡು ಅವಳದು, ಹನ್ನೆರಡು ಮಂಚ. ಗಾಯ ಬಿಚ್ಚುವಾಗ, ರಕ್ತ, ಕೀವು, ಮಲಮೂತ್ರ ಮುಟ್ಟಬೇಕಾದಾಗ ಗ್ಲೌಸು ಹಾಕುವಳು. ಆ ಕೆಲಸ ಮುಗಿಯಿತೋ, ಅಲ್ಲೇ ಕಳಚಿ ಬುಟ್ಟಿಗೆಸೆದು ಕೈ ತೊಳೆಯುವಳು. ನಾಡಿ ಹಿಡಿಯಲು, ಹಣೆ ಮುಟ್ಟಲು, ತುತ್ತು ಕೊಡಲು ಮಾತ್ರ ತೊಳೆದ ಬರಿಗೈಯೇ. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು.

ಒಮ್ಮೆ ಹನ್ನೆರಡನೇ ಮಂಚದ ಅಜ್ಜನ ಮಗ, ತನ್ನ ಅಪ್ಪನನ್ನು ನರ್ಸು ಬರಿಗೈಯಲ್ಲಿ ಮುಟ್ಟಿದಳೆಂದು ದೊಡ್ಡ ಡಾಕ್ಟರಿಗೆ ದೂರು ಕೊಟ್ಟ. ವಾರ್ಡಿನೊಳಗೆ ಕಾಲಿಟ್ಟ ಗಳಿಗೆಯಿಂದ ಮನೆಗೆ ಹೊರಡುವ ತನಕ ಯಾರ ಕೈಯೂ ಬರಿದಾಗಿರಕೂಡದು ಎಂದು ಮರುದಿನವೇ ಆರ್ಡರ್ ಬಂತು. ದೊಡ್ಡ ಡಾಕ್ಟರೂ ಗ್ಲೌಸು ತೊಟ್ಟೇ ಬರತೊಡಗಿದರು. ನೋಡಲು ಬಲು ಚೆಂದ. ಆದರೆ ಬೆಳಿಗ್ಗೆ ಹಾಕಿದ ಜೊತೆ ಸಂಜೆಯವರೆಗೂ ಅದೇ. ಮೂಲೆಯ ಸಿಂಕು ಒಣಗಿ ಬಿರುಕು ಬಿಡುವುದೊಂದು ಬಾಕಿ. ಮೂರು ವಾರದಲ್ಲಿ ಮೂರು ಗಾಯಗಳಲ್ಲಿ ಕೀವು ಕಾಣಿಸಿತು. ಮೂರನೆಯದು ಒಂದನೇ ಮಂಚದ ಗಾರೆ ಕೆಲಸದವನದು. ಮರುದಿನ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋಗಬೇಕಿದ್ದವನು.

ಅಕ್ಕ ನೇರ ದೊಡ್ಡ ಡಾಕ್ಟರ ಕೋಣೆಗೆ ನಡೆದಳು. ಇದು ಗ್ಲೌಸಿನದೇ ಕೆಲಸ ಎಂದು ಹೇಳಿಬಿಟ್ಟಳು. ಅವರು ಹುಬ್ಬು ಗಂಟಿಕ್ಕಿ, ಆರ್ಡರ್ ಹಿಡಿಸದಿದ್ದರೆ ಸೋಮವಾರದಿಂದ ಬಟ್ಟೆ ಸ್ಟೋರಿಗೆ ಹೋಗಿ ಹೊದಿಕೆ ಮಡಿಸುತ್ತಿರಿ ಎಂದರು. ಹೊದಿಕೆ ಮಡಿಸಲು ಅವಳಿಗೇನೂ ನಾಚಿಕೆಯಿರಲಿಲ್ಲ. ತಾನು ಹೋದರೆ ನಾಲ್ಕನೆಯ ಗಾಯ ಯಾರದು ಎಂಬುದೇ ಚಿಂತೆ.

ಮನೆಗೆ ಬಂದರೆ ಅತ್ತೆ ಅವಳ ಬಿಳಿ ಯೂನಿಫಾರ್ಮಿಗೆ ನೀಲಿ ಹಾಕುತ್ತ ಕೂತಿದ್ದರು. ಬೆರಳೆಲ್ಲ ನೀಲಿ, ಬಾಗಿಲ ಚಿಲಕ ನೀಲಿ, ನೀರಿನ ಲೋಟ ನೀಲಿ, ಕನ್ನಡಕದ ಕಡ್ಡಿಯೂ ನೀಲಿ.

"ನಾನು ಎಲ್ಲೆಲ್ಲಿ ಕೈ ಇಟ್ಟೆ ಅಂತ ಹುಡುಕೋಕೆ ಪೊಲೀಸರು ಬೇಡ ಬಿಡಮ್ಮ" ಎಂದರು ಅತ್ತೆ.

ಅಕ್ಕ ಚಿಲಕವನ್ನೇ ನೋಡುತ್ತ ನಿಂತುಬಿಟ್ಟಳು.

ಶನಿವಾರ ಬೆಳಿಗ್ಗೆ, ಗಾರೆಯವನ ಕಿವಿಯಲ್ಲೊಂದು ಮಾತು ಹಾಕಿ, ಅವನ ಮಂಚದ ಸರಳಿಗೆ ಆ ನೀಲಿಯನ್ನು ಮಂದವಾಗಿ ಬಳಿದಳು. ಬೇರೆ ಯಾರಿಗೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಆರ್ಡರ್ ಪ್ರಕಾರವೇ ಕೆಲಸ ಮಾಡಿದರು. ಹತ್ತು ಗಂಟೆಗೆ ದೊಡ್ಡ ಡಾಕ್ಟರು ರೌಂಡಿಗೆ ಬಂದು, ಒಂದನೇ ಮಂಚದ ಸರಳು ಹಿಡಿದು ಗಾರೆಯವನನ್ನು ವಿಚಾರಿಸಿ, ಗ್ಲೌಸಿನತ್ತ ನೋಡದೆಯೇ ಮುಂದೆ ನಡೆದರು. ನಾಲ್ಕನೇ ಮಂಚದ ಚಾರ್ಟಿನಲ್ಲಿ ನೀಲಿ. ಏಳನೆಯವನ ನೀರಿನ ಲೋಟದ ಅಂಚಿಗೆ ನೀಲಿ. ಕಿರಿಯ ನರ್ಸಿನ ಕಿವಿ ನೀಲಿ. ಹನ್ನೆರಡನೆಯ ಅಜ್ಜನ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಇದೇನು ಸಿಸ್ಟರ್‌ಗಳ ಅವ್ಯವಸ್ಥೆ ಎಂದು ದೊಡ್ಡ ಡಾಕ್ಟರು ದನಿ ಏರಿಸುವಷ್ಟರಲ್ಲಿ ಅಜ್ಜ ಮೆಲ್ಲಗೆ ಹೇಳಿದ:

"ಡಾಕ್ಟ್ರೇ, ನಿಮ್ ಮೂಗನ್ನೂ ಒಂಚೂರು ನೋಡ್ಕೊಳ್ಳಿ."

ಅವರು ಸ್ಟೀಲಿನ ಟ್ರೇ ಎತ್ತಿ ಅದರಲ್ಲಿ ಮುಖ ನೋಡಿಕೊಂಡರು. ಮೂಗಿನ ತುದಿ ನೀಲಿ. ಇಡೀ ವಾರ್ಡು ಹೊಲಿಗೆ ಹಿಡಿದುಕೊಂಡು ನಕ್ಕಿತು.

"ಒಂದನೇ ಮಂಚದ ಸರಳಿಂದ ಹೊರಟಿದ್ದು ಸರ್" ಎಂದಳು ಅಕ್ಕ. "ಬರಿಗೈಗೂ ಅಂಟತ್ತೆ, ಇಲ್ಲ ಅನ್ನಲ್ಲ. ಆದ್ರೆ ಕೈಗೆ ಅಂಟಿದ್ದು ಗೊತ್ತಾಗತ್ತೆ, ತೊಳೀತೀವಿ. ಗ್ಲೌಸಿದ್ರೆ ಕೈ ಚೊಕ್ಕವಾಗಿದೆ ಅಂತ ಮರೆತೇಬಿಡ್ತೀವಿ. ಇದು ನೀಲಿ, ಕಾಣ್ತು. ಕೀವು ಮಾಡೋ ಕ್ರಿಮಿ ಕಾಣಲ್ಲ."

ದೊಡ್ಡ ಡಾಕ್ಟರು ಗ್ಲೌಸು ಕಳಚಿದರು. ಮೂಲೆಯ ಸಿಂಕಿನತ್ತ ನಡೆದು ನಲ್ಲಿ ತಿರುಗಿಸಿದರು. ಅದು ಎರಡು ಸಲ ಕೆಮ್ಮಿ ನೀರು ಬಿಟ್ಟಿತು.

"ಎಷ್ಟು ಹೊತ್ತು ಉಜ್ಜಬೇಕು ಸಿಸ್ಟರ್?" ಎಂದು ಕೇಳಿದರು.

ಸೋಮವಾರ ಹೊಸ ಆರ್ಡರ್ ಗೋಡೆಗೇರಿತು. ಬರೆದವರು ಅವರು, ಹೇಳಿ ಬರೆಸಿದವಳು ಅಕ್ಕ. ನಾಲ್ಕನೆಯ ಗಾಯ ಕೀವಾಗಲಿಲ್ಲ. ಗಾರೆಯವನು ತಿಂಗಳೊಳಗೆ ತನ್ನ ಕಾಲಲ್ಲೇ ನಡೆದು ಮನೆಗೆ ಹೋದ. ಅಜ್ಜನ ಮಗ ಬಂದು ತಲೆ ತಗ್ಗಿಸಿ ನಿಂತರೆ, ಅಕ್ಕ ಅವನನ್ನೂ ಸಿಂಕಿನ ಹತ್ತಿರ ಕಳಿಸಿ, ಆಮೇಲೆ ಅಪ್ಪನಿಗೆ ತುತ್ತು ಕೊಡಲು ಕೂರಿಸಿದಳು.

ಅದಾಗಿ ಹದಿನಾಲ್ಕು ವರ್ಷಕ್ಕೆ ಅವಳ ಕೊನೆಯ ಡ್ಯೂಟಿ ಬಂತು. ತೊಂಬತ್ತು ಮುಟ್ಟಿದ ಅತ್ತೆ ಹಟ ಹಿಡಿದು ತಾವೇ ಯೂನಿಫಾರ್ಮಿಗೆ ನೀಲಿ ಹಾಕಿದ್ದರು, ಒಂದು ಚಿಟಿಕೆ ಹೆಚ್ಚೇ. ಅಕ್ಕ ಮೆಟ್ಟಿಲಿಳಿಯುವಾಗ ದರ್ಜಿಯ ಹೆಂಡತಿ ಮೊಮ್ಮಗಳನ್ನೆತ್ತಿಕೊಂಡು ಅಡ್ಡ ನಿಂತಳು.

"ಮೈ ಬಿಸಿ ಇದೆಯೇನೋ ಅಕ್ಕ. ನೀವು ಮುಟ್ಟಿ ಹೇಳಿದ್ರೆ ನಂಗೆ ಸಮಾಧಾನ."

ಅಕ್ಕ ಮರಳಿ ಮಹಡಿ ಹತ್ತಿದಳು. ಪೈಪಿನಲ್ಲಿ ನೀರಿಳಿಯಿತು. ಬಂದು ಮಗುವಿನ ಹಣೆಯ ಮೇಲೆ ಕೈಯಿಟ್ಟಳು; ಬರೀ ಸೆಕೆ, ಸ್ವೆಟರ್ ಬಿಚ್ಚು ಎಂದಳು. ಮತ್ತೆ ಮೇಲೆ ಹೋದಳು. ಮತ್ತೆ ನೀರಿಳಿಯಿತು. ದರ್ಜಿಯ ಹೆಂಡತಿ ಈ ಸಲ ಯಾರನ್ನೂ ಕರೆದು ನಗಿಸಲಿಲ್ಲ. ಗೇಟು ತೆಗೆದು ಹಿಡಿದು ನಿಂತಳು. ಅಕ್ಕ ಒದ್ದೆ ಕೈಗಳನ್ನು ಗಾಳಿಗೆ ಬೀಸುತ್ತ ವಾರ್ಡಿನ ದಾರಿ ಹಿಡಿದಳು.