ಶುಚಿತ್ವ ನೋಡಲು ಬಂದ ಕೆಸರು ಶೂ

ಕೇಳಿ, ಇವತ್ತು ಕ್ಯಾತನಹಳ್ಳಿಯ ನಮ್ಮ ಮನೆಗೆ ಅಧಿಕಾರಿಯೊಬ್ಬರು ಬಂದಿದ್ದರು. ಸಾರಿನ ಪುಡಿ ಮಾಡಿ ಮಾರಲು ಸೊಸೆ ಲೈಸೆನ್ಸಿಗೆ ಅರ್ಜಿ ಹಾಕಿದ್ದಾಳೆ. ಅಡುಗೆಮನೆ ಶುಚಿಯಾಗಿದೆಯೇ ಎಂದು ಅವರು ನೋಡಬೇಕಂತೆ.

"ಶೂ ಬಿಚ್ಚಿ, ಕಾಲು ತೊಳ್ಕಂಡು ಬನ್ನಿ ಸಾರ್," ಎಂದೆ.

"ರೂಲ್ಸಲ್ಲಿ ಅಂಗೇನಿಲ್ಲ ಕಣಮ್ಮ," ಎಂದು ಕೆಸರು ಶೂನಲ್ಲೇ ನಡೆದರು. ಒಲೆ, ಡಬ್ಬ, ಕಿಟಕಿ ಎಲ್ಲ ನೋಡಿ, ಕೊನೆಗೆ ನೆಲ ನೋಡಿ ಬರೆದರು: "ನೆಲದಲ್ಲಿ ಕೆಸರಿದೆ. ಲೈಸೆನ್ಸ್ ಸದ್ಯಕ್ಕಿಲ್ಲ."

ಸೊಸೆಯ ಕಣ್ಣು ತುಂಬಿತು.

"ಅದು ನಿಮ್ ಕಾಲಿಂದೇ ಕಣಪ್ಪ," ಎಂದೆ.

"ಯಾರ್ದಾದ್ರೇನಮ್ಮ, ಕೆಸರು ಕೆಸರೇ."

ಮುಂದಿನ ವಾರ ಮತ್ತೆ ಬರುತ್ತಾರಂತೆ. ಬರಲಿ. ಸೊಸೆಯ ಲೈಸೆನ್ಸ್ ಅವರ ಕೈಯಲ್ಲಿರಬಹುದು, ನಮ್ಮ ಹೊಸಿಲು ದಾಟುವ ಲೈಸೆನ್ಸ್ ನನ್ನ ಕೈಯಲ್ಲಿದೆ. ನಾನೂ ತಪಾಸಣೆ ಮಾಡದೆ ಕೊಡುವವಳಲ್ಲ. ಹಿಮ್ಮಡಿಯಿಂದಲೇ ಶುರು ಮಾಡುತ್ತೇನೆ.