ಬಿಚ್ಚಬಾರದಿದ್ದ ರಿಂಗು

ಶೂಟಿಂಗ್ ರೇಂಜಿನಲ್ಲಿ ಹೊಡೆದ ಪಿಸ್ತೂಲ್ ಗುಂಡುಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಮನೆಯಲ್ಲೇ ಮತ್ತೆ ತುಂಬೋ ಹುಚ್ಚು ನನಗೆ ಹಿಡಿದಿತ್ತು. ಅದಕ್ಕೆ ಡೈ ಅನ್ನೋ ಅಚ್ಚುಗಳು ಬೇಕು. ಅಮೆರಿಕದ ನಮ್ಮೂರು ಫೋರ್ಟ್ ಮಿಲ್‌ನ ಅಂಗಡಿಯೊಂದರಲ್ಲಿ, ಹೊಸ ಕಾರ್ಬೈಡ್ ಡೈ ತಗೊಳ್ಳಲಾ, ಕಪಾಟಿನಲ್ಲಿದ್ದ ಹಳೇ ಸ್ಟೀಲ್ ಸೆಟ್ ತಗೊಳ್ಳಲಾ ಅಂತ ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸನ್ನು ಕೇಳಿದೆ.

"ಹೊಸದೇ ತಗೊಳ್ಳಿ. ಪ್ರತಿ ಸಲ ಎಣ್ಣೆ ಸವರೋ ಕಾಟ ಇರಲ್ಲ," ಅಂದರು. ಕಪಾಟಿನ ಕಡೆ ನೋಡಿ, "ಹಳೇದು ನನ್ನ ಗಂಡನದು. ಆಸ್ಪತ್ರೆ ಸೇರೋ ಹಿಂದಿನ ದಿನ ಕೂತು ಅಳತೆ ಹೊಂದಿಸಿದ್ದರು. ವಾಪಸ್ ಬರಲಿಲ್ಲ. ತಗೊಂಡರೆ ಮೇಲಿನ ರಿಂಗುಗಳನ್ನ ಮಾತ್ರ ತಿರುಗಿಸಬೇಡಿ, ಆ ಅಳತೆ ಹಿಡಿದಿಟ್ಟಿರೋದು ಅವೇ," ಅಂದರು.

ಅಷ್ಟು ಕೇಳಿದ ಮೇಲೆ ಹೊಸದು ತಗೊಳ್ಳೋಕೆ ಮನಸ್ಸು ಬರಲಿಲ್ಲ.

ಆ ವಾರವೇ ಆಯುಧಪೂಜೆ. ಆಫೀಸಿಂದ ಬಂದಾಗ ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್‌ಗಳ ಪಕ್ಕ ನನ್ನ ಡೈಗಳೂ ಸಾಲಾಗಿ ಕೂತಿದ್ದವು.

"ಎಷ್ಟು ಜಿಡ್ಡಿತ್ತು ರೀ! ಎಲ್ಲಾ ಬಿಚ್ಚಿ, ಸೋಪು ಹಾಕಿ ಉಜ್ಜಿದೆ," ಅಂದಳು ಹೆಂಡತಿ.

ರಿಂಗುಗಳು ಬೇರೆ ತಟ್ಟೆಯಲ್ಲಿ ಹೊಳೀತಿದ್ದವು. ಒಂದೊಂದಕ್ಕೂ ಕುಂಕುಮ. ಬಿಚ್ಚಬಾರದು ಅಂತ ನಾನು ಹೇಳಿದ್ದರೆ ತಾನೆ ಅವಳನ್ನ ಬೈಯೋಕೆ? ಪೂಜೆ ಮುಗಿದ ಮೇಲೆ ರಿಂಗುಗಳನ್ನ ಮತ್ತೆ ಹಾಕಿ, ಪುಸ್ತಕ ನೋಡಿಕೊಂಡು ನಾನೇ ಹೊಸದಾಗಿ ಅಳತೆ ಹೊಂದಿಸಿದೆ.

ಮುಂದಿನ ತಿಂಗಳು ಅಂಗಡಿಗೆ ಹೋದಾಗ ಆ ಹೆಂಗಸು ಕೇಳಿದರು, "ಅವರ ಅಳತೆ ಹಾಗೇ ಇದೆಯಾ?"

"ಕೂದಲೆಳೆಯಷ್ಟೂ ಬದಲಾಗಿಲ್ಲ," ಅಂದುಬಿಟ್ಟೆ.

"ಹಾಗಾದರೆ ಅದರಲ್ಲಿ ತುಂಬಿದ ಗುಂಡು ಒಂದೇ ಒಂದು ತಂದುಕೊಡ್ತೀರಾ?"

ತಂದುಕೊಟ್ಟೆ. ಕೌಂಟರಿನ ಹಿಂದೆ, ಗಂಡನ ಫೋಟೋ ಮುಂದೆ ಇಟ್ಟುಕೊಂಡಿದ್ದಾರೆ. ಅದು ಯಾರ ಅಳತೆ ಅಂತ ಆ ಅಂಗಡಿಯಲ್ಲಿ ಗೊತ್ತಿರೋದು ನನಗೆ, ಮತ್ತೆ ಫೋಟೋದಲ್ಲಿರೋ ಅವರಿಗೆ.